ಒಂದು ಮಾಂಸಖಂಡದ ಎಚ್ಚರಿಕೆ

ಸುಮಾರು 5000 ಶಿಶುಗಳಲ್ಲಿ ಒಂದು ಗುದದ್ವಾರ ಸರಿಯಾಗಿ ರೂಪುಗೊಳ್ಳದೆ ಹುಟ್ಟುತ್ತದೆ. ಹೇಳಲು ನಾಚುವ ಈ ಸಂಗತಿಯನ್ನು ಹಿಂದಿನ ವೈದ್ಯರು ನಾಚದೆ ಬರೆದಿಟ್ಟರು.

ಏಳನೇ ಶತಮಾನದಲ್ಲಿ ಗ್ರೀಕ್ ವೈದ್ಯ ಪೌಲ್, ದ್ವಾರ ಮುಚ್ಚಿದ ಪೊರೆಯನ್ನು ಸೀಳುವ ಕ್ರಮ ತಿಳಿಸಿದರು. ಸುಮಾರು ಕ್ರಿ.ಶ. 1000ರಲ್ಲಿ ಸ್ಪೇನಿನ ಕಾರ್ಡೋಬಾದ ಅಲ್-ಝಹ್ರಾವಿ 'ಅತ್-ತಸ್ರೀಫ್' ಗ್ರಂಥದಲ್ಲಿ ಅದನ್ನೇ ವಿವರಿಸುತ್ತಾ, ಮಾಂಸಖಂಡಕ್ಕೆ ಪೆಟ್ಟಾಗದಿರಲಿ ಎಂದು ಎಚ್ಚರಿಸಿದರು. ಗಾಯ ಮತ್ತೆ ಮುಚ್ಚಿಕೊಳ್ಳದಂತೆ ಸೀಸದ ಕೊಳವೆ ಇಡಲು ಹೇಳಿದರು.

ಆದರೆ ಕರುಳು ಮೇಲೆಯೇ ನಿಂತುಹೋದ ಮಕ್ಕಳಿಗೆ ಇದು ಸಾಲದು. 1793ರಲ್ಲಿ ಫ್ರಾನ್ಸಿನ ಡ್ಯೂರೆ, ಅಂಥ ಶಿಶುವಿನ ಹೊಟ್ಟೆಯಲ್ಲಿ ಮಲದ್ವಾರ ತೆರೆದರು. ಆ ಮಗು 45 ವರ್ಷ ಬಾಳಿತು. 1835ರಲ್ಲಿ ಅಮುಸಾ ಕರುಳನ್ನು ಕೆಳಗೆಳೆದು ಚರ್ಮಕ್ಕೆ ಹೊಲಿದರು. ಜೀವ ಉಳಿಯಿತು, ಮಲದ ಮೇಲಿನ ಹಿಡಿತ ಹಲವರಿಗೆ ದಕ್ಕಲಿಲ್ಲ.

1982ರಲ್ಲಿ ಪೆನ್ಯಾ ಮತ್ತು ಡಿ ವ್ರೀಸ್ ಹೊಸ ವಿಧಾನ ಪ್ರಕಟಿಸಿದರು. ಹಿಂಬದಿಯಿಂದ ನಟ್ಟನಡುವೆ ಸೀಳಿ, ವಿದ್ಯುತ್ ಸ್ಪರ್ಶದಿಂದ ಮಾಂಸಖಂಡಗಳನ್ನು ಗುರುತಿಸಿ, ಅವುಗಳ ನಡುವೆಯೇ ಕರುಳನ್ನು ಕೂರಿಸುವುದು ಅದರ ಮರ್ಮ. ಝಹ್ರಾವಿ ಕಾಪಾಡಲು ಹೇಳಿದ್ದೂ ಮಾಂಸಖಂಡವನ್ನೇ ಅಲ್ಲವೇ?

ಹೀಗಿದ್ದರೂ ಕೆಲವು ಮಕ್ಕಳಿಗೆ ತೊಂದರೆ ಉಳಿಯುತ್ತದೆ. ಆದ್ದರಿಂದ ಹುಟ್ಟಿದೊಡನೆ ಶಿಶುವನ್ನು ಪರೀಕ್ಷಿಸಿರಿ, ದೋಷವಿದ್ದರೆ ಮುಚ್ಚಿಡದೆ ತಜ್ಞರ ಬಳಿ ಒಯ್ಯಿರಿ. ತರಗತಿಯಲ್ಲಿ ಪದೇ ಪದೇ ಹೊರಗೆ ಹೋಗಲು ಕೇಳುವ ಮಗುವನ್ನು ನೋಡಿ ನಗಬೇಡಿರಿ.