ಮೂಳೆಯ ಕಡೆ ಯಾರೂ ನೋಡಲಿಲ್ಲ

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಗೊಂಚಲು ತುರುಕುವುದು ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಇವತ್ತಿಗೂ ನಿಂತಿಲ್ಲ. ಅದನ್ನು ನೋಡಿ ನಗುವ ಮುಂಚೆ ಡಾಕ್ಟರುಗಳ ಕಥೆಯನ್ನೂ ಸ್ವಲ್ಪ ಕೇಳಿ. 1857ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಲೊಕಾಕ್ ಎಂಬ ವೈದ್ಯ ಪೊಟ್ಯಾಸಿಯಂ ಬ್ರೋಮೈಡ್ ಕೊಟ್ಟರೆ ಮೂರ್ಛೆ ಕಡಿಮೆಯಾಗುತ್ತದೆ ಎಂದ. ಈತ ವಿಕ್ಟೋರಿಯಾ ರಾಣಿಯ ಹೆರಿಗೆ ಡಾಕ್ಟರು. ಹೆಂಗಸರ ಮೂರ್ಛೆಗೂ ಮುಟ್ಟಿಗೂ ಸಂಬಂಧವಿದೆ ಎಂಬುದು ಆತನ ನಂಬಿಕೆ. ಕಾರಣ ತಪ್ಪು, ಔಷಧಿ ಮಾತ್ರ ಕೆಲಸ ಮಾಡಿತು! ಆದರೆ ಅದನ್ನು ಕುಡಿದವರು ಮಂಕಾಗಿ ಕೂರುತ್ತಿದ್ದರು, ಮೈಮೇಲೆ ಗುಳ್ಳೆ ಏಳುತ್ತಿದ್ದವು.

1912ರಲ್ಲಿ ಜರ್ಮನಿಯ ಫ್ರೈಬುರ್ಗಿನಲ್ಲಿ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ಯುವ ವೈದ್ಯ ರೋಗಿಗಳಿಗೆ ನಿದ್ದೆ ಬರಲಿ ಅಂತ ಫಿನೋಬಾರ್ಬಿಟಾಲ್ ಕೊಟ್ಟ. ನಿದ್ದೆಯ ಜೊತೆಗೆ ಫಿಟ್ಸೂ ಕಡಿಮೆಯಾಯಿತು. ನಮ್ಮಲ್ಲಿ ಹಳಬರಿಗೆ ಗಾರ್ಡಿನಾಲ್ ಅಂದರೆ ಗೊತ್ತಾಗೋದು, ಅದೇ ಇದು. 1938ರಲ್ಲಿ ಬೋಸ್ಟನ್ನಿನ ಮೆರಿಟ್ ಮತ್ತು ಪಟ್ನಮ್, ಬೆಕ್ಕುಗಳ ಮೇಲೆ ಪರೀಕ್ಷಿಸಿದ್ದ ಫೆನಿಟಾಯಿನನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಮೆಡಿಕಲ್ ಶಾಪಿನ ಎಪ್ಟಾಯಿನ್ ಅದರ ಈಗಿನ ವೇಷ. ಇವೆರಡೂ ಲಕ್ಷಾಂತರ ಜನರನ್ನು ಬದುಕಿಸಿದ ಮಾತ್ರೆಗಳು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಈ ಮಾತ್ರೆಗಳನ್ನು ಹತ್ತಿಪ್ಪತ್ತು ವರ್ಷ ನುಂಗಿದವರ ಮೈಯೊಳಗೆ ಏನಾಗುತ್ತದೆ? ಈ ಪ್ರಶ್ನೆಗೆ ಜೀವ ಬರಲು ಮತ್ತೆ ಮೂವತ್ತು ವರ್ಷ ಬೇಕಾಯಿತು. ಆಗ ಇಂಗ್ಲೆಂಡಿನಲ್ಲಿ ಮೂರ್ಛೆ ರೋಗಿಗಳಿಗೆ ಊರಾಚೆ ಕಾಲೊನಿಗಳಿದ್ದವು. 1894ರಲ್ಲಿ ಶುರುವಾದ ಚಾಲ್ಫಂಟ್ ಅಂಥದ್ದೊಂದು. ತೋಟದ ಕೆಲಸ, ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಮಾತ್ರೆ. ತಿಂಗಳಿಗೆ ಎಷ್ಟು ಫಿಟ್ಸ್ ಬಂತು ಅನ್ನೋದೇ ಅಂಥವರ ಬಗ್ಗೆ ಇಡುವ ಮುಖ್ಯ ಲೆಕ್ಕ. ಸೊಂಟ ನೋವು, ಕಾಲು ನೋವು ಅಂತ ರೋಗಿ ಹೇಳಿದರೆ, ಬಿದ್ದು ಬಿದ್ದು ಹೀಗಾಗಿದೆ ಅಂದುಕೊಳ್ಳುವುದು ಸುಲಭ. ಮೂಳೆ ಮುರಿದರೂ ಅದೇ ಉತ್ತರ.

1968ರಲ್ಲಿ ಜರ್ಮನಿಯ ಕ್ರೂಸೆ ಎಂಬ ವೈದ್ಯ, ವರ್ಷಗಟ್ಟಲೆ ಈ ಮಾತ್ರೆ ತಿಂದವರ ಮೂಳೆ ಕೆಡುತ್ತಿದೆ ಎಂದು ಬರೆದ. 1970ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಒಂದೇ ಸಂಚಿಕೆಯಲ್ಲಿ ಎರಡು ಲೇಖನ ಬಂದವು. ಒಂದು ಲಂಡನ್ನಿನ ಚಾರ್ಲ್ಸ್ ಡೆಂಟ್ ತಂಡದ್ದು: ಫಿಟ್ಸ್ ಮಾತ್ರೆ ತಿನ್ನುತ್ತಿದ್ದವರ ಮೂಳೆ ಮೆತ್ತಗಾಗಿತ್ತು. ಡೆಂಟ್ ಮೂಳೆ ರೋಗಗಳಲ್ಲಿ ಪಳಗಿದವರು (1945ರಲ್ಲಿ ಬೆಲ್ಸನ್ ಶಿಬಿರದ ಹಸಿದ ಬಂದಿಗಳ ಚಿಕಿತ್ಸೆಗೆ ಹೋದವರೂ ಹೌದು). ಇನ್ನೊಂದು ರಿಚನ್ಸ್ ಮತ್ತು ರೋ ಅವರದ್ದು. ವಸತಿ ಕೇಂದ್ರದ 160 ರೋಗಿಗಳ ರಕ್ತ ನೋಡಿದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಕ್ಯಾಲ್ಸಿಯಂ ಕಡಿಮೆ. ಮಾತ್ರೆ ಹೆಚ್ಚಿದ್ದಷ್ಟೂ ಕೊರತೆ ಹೆಚ್ಚು.

ಕಾರಣ ಇರೋದು ಲಿವರಿನಲ್ಲಿ. ಹೊರಗಿನಿಂದ ಬಂದ ಔಷಧಿಯನ್ನು ಕರಗಿಸೋಕೆ ಅಲ್ಲಿ ಕಿಣ್ವಗಳಿವೆ. ಈ ಹಳೆಯ ಮಾತ್ರೆಗಳು ಆ ಕಿಣ್ವಗಳನ್ನು ಕೆರಳಿಸುತ್ತವೆ. ಕೆರಳಿದ ಕಿಣ್ವ ಮಾತ್ರೆಯ ಜೊತೆಗೆ ವಿಟಮಿನ್ ಡಿಯನ್ನೂ ಪುಡಿ ಮಾಡುತ್ತದೆ. ಡಿ ಇಲ್ಲದಿದ್ದರೆ ತಿಂದ ರಾಗಿ ಮುದ್ದೆಯ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರೋದಿಲ್ಲ. ರಕ್ತಕ್ಕಂತೂ ಕ್ಯಾಲ್ಸಿಯಂ ಬೇಕೇ ಬೇಕು, ಅದು ಮೂಳೆಯಿಂದ ಸಾಲ ಎತ್ತುತ್ತದೆ.

ವಿಪರ್ಯಾಸ ಏನು ಗೊತ್ತಾ? ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಇಳಿದರೆ ನರಗಳು ಸುಮ್ಮಸುಮ್ಮನೆ ಸಿಡಿಯತೊಡಗುತ್ತವೆ, ಫಿಟ್ಸೇ ಬರಬಹುದು! ಇದರ ಸುಳಿವು ಆಗಲೇ 90 ವರ್ಷ ಹಳೆಯದು. 1879ರಲ್ಲಿ ವಿಯೆನ್ನಾದಲ್ಲಿ ಬಿಲ್ರೋತ್ ಎಂಬ ದೊಡ್ಡ ಸರ್ಜನ್ ಗಂಟಲಿನ ಥೈರಾಯ್ಡ್ ಪೂರ್ತಿ ತೆಗೆದಾಗ ರೋಗಿಯ ಕೈಕಾಲು ಸೆಟೆದುಕೊಂಡವು. ಆತನ ಸಹಾಯಕ ವುಲ್ಫ್ಲರ್ ಅದನ್ನು ಬರೆದಿಟ್ಟ. ಮರುವರ್ಷವೇ ಸ್ವೀಡನ್ನಿನ ಉಪ್ಸಾಲಾದಲ್ಲಿ ಇವಾರ್ ಸ್ಯಾಂಡ್‌ಸ್ಟ್ರೋಮ್ ಎಂಬ ಮೆಡಿಕಲ್ ವಿದ್ಯಾರ್ಥಿ, ಥೈರಾಯ್ಡ್ ಹಿಂದೆ ಅಡಗಿದ್ದ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳನ್ನು ಮನುಷ್ಯರಲ್ಲಿ ಕಂಡು ಬರೆದ. ಎರಡನ್ನೂ ಜೋಡಿಸಿ ನೋಡಿದವರಿಲ್ಲ. ಸ್ಯಾಂಡ್‌ಸ್ಟ್ರೋಮ್ 1889ರಲ್ಲಿ ಆತ್ಮಹತ್ಯೆ ಮಾಡಿಕೊಂಡ. 1908ರ ಹೊತ್ತಿಗೆ ಅಮೆರಿಕದ ಮೆಕ್‌ಕ್ಯಾಲಮ್ ಮತ್ತು ಫೋಕ್ಟ್ಲಿನ್, ಆ ಗ್ರಂಥಿ ತೆಗೆದ ನಾಯಿಗಳಿಗೆ ಕ್ಯಾಲ್ಸಿಯಂ ಕೊಟ್ಟು ಸೆಟೆತ ನಿಲ್ಲಿಸಿ ತೋರಿಸಿದರು.

ಹಾಗಾಗಿ ಫಿಟ್ಸ್ ಮತ್ತು ಕ್ಯಾಲ್ಸಿಯಂ ಕೊರತೆ ಒಬ್ಬರಲ್ಲೇ ಕಂಡರೆ ಯಾವುದು ಮೊದಲು ಅನ್ನೋದು ಸಲೀಸಾಗಿ ಹೇಳುವ ಮಾತಲ್ಲ. ಪ್ಯಾರಾಥೈರಾಯ್ಡ್ ಸೋತವರಿಗೆ ಮೂರ್ಛೆ ರೋಗವೆಂದು ಹಣೆಪಟ್ಟಿ ಹಚ್ಚಿ ವರ್ಷಗಟ್ಟಲೆ ಫೆನಿಟಾಯಿನ್ ಕೊಟ್ಟ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ಅವರಿಗೆ ಬೇಕಾಗಿದ್ದು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ. ಹಾಗಂತ ಇದನ್ನೋದಿ ಯಾರೂ ಮಾತ್ರೆ ನಿಲ್ಲಿಸಿಬಿಡಬೇಡಿ ಮಾರಾಯ್ರೆ. ಫಿಟ್ಸ್ ಮಾತ್ರೆ ಥಟ್ಟನೆ ಬಿಟ್ಟರೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವವೇ ಹೋಗಬಹುದು. ಡಾಕ್ಟರನ್ನು ಕೇಳಬೇಕಾದ್ದು ರಕ್ತ ಪರೀಕ್ಷೆಯ ವಿಷಯ.

ಲೆವೆಟಿರಾಸೆಟಾಮ್‌ನಂಥ ಹೊಸ ಮಾತ್ರೆಗಳು ಲಿವರನ್ನು ಅಷ್ಟಾಗಿ ಕೆರಳಿಸೋದಿಲ್ಲ, ಬೆಲೆ ಮಾತ್ರ ಜಾಸ್ತಿ. ಹಾಪ್ಟ್‌ಮನ್ ಕೊಟ್ಟ ಆ ಹಳೆಯ ಔಷಧಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇವತ್ತಿಗೂ ಇದೆ, ಬಡವರ ಪಾಲಿಗೆ ಅದೇ ಗತಿ. ಅದರ ಒಂದು ತಿಂಗಳ ಖರ್ಚಿಗಿಂತ ಖಾಸಗಿ ಲ್ಯಾಬಿನ ಒಂದು ವಿಟಮಿನ್ ಡಿ ಟೆಸ್ಟಿನ ಬಿಲ್ಲೇ ದೊಡ್ಡದು.