ಎಷ್ಟು ಓಡಿದ್ರೆ ಒಂದು ಗೋಲು?

ಯಲಹಂಕದಿಂದ ಹೆಬ್ಬಾಳದವರೆಗೆ ಈಗ ಎಲ್ಲಿ ನೋಡಿದರೂ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಫುಟ್‌ಬಾಲ್ ಟರ್ಫ್. ನಾವು ಶಾಲೆಗೆ ಹೋಗುವಾಗ ಇದ್ದದ್ದು ಮಣ್ಣಿನ ಮೈದಾನ, ಮೇಷ್ಟ್ರ ವಿಷಲ್ ಮತ್ತು ರೌಂಡ್ಸ್. ಹತ್ತು ಸುತ್ತು ಓಡಿದವನು ಟೀಮಿಗೆ, ನಡುವೆ ನಿಂತವನು ಮನೆಗೆ. ನಮ್ಮ ಜೊತೆಯಲ್ಲೊಬ್ಬ ಹುಡುಗನಿದ್ದ, ಚೆಂಡು ಅವನ ಕಾಲು ಬಿಟ್ಟು ಹೋಗುತ್ತಿರಲಿಲ್ಲ. ಏಳನೇ ಸುತ್ತಿಗೆ ಕೂತುಬಿಟ್ಟ. ಅವನ ಹೆಸರು ಪಟ್ಟಿಗೆ ಬರಲೇ ಇಲ್ಲ.

ಆ ಲೆಕ್ಕ ಸರಿಯಿತ್ತೇ? ನಮ್ಮ ನಾಡಿನ ಫುಟ್‌ಬಾಲ್ ಇತಿಹಾಸವನ್ನೇ ಕೇಳೋಣ.

1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ತಂಡ, ಹಲವರದು ಬರಿಗಾಲು. ಫ್ರಾನ್ಸ್ ವಿರುದ್ಧ ನಮಗೆ ಬಂದ ಒಂದೇ ಗೋಲು ಹೊಡೆದವರು ಮೈಸೂರು ರಾಜ್ಯದ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಸೋತದ್ದು 2-1ರಿಂದ. ಓಟದಲ್ಲಿ ಹಿಂದೆ ಬಿದ್ದು ಸೋತೆವು ಎನ್ನೋಣವೆಂದರೆ, ಅದೇ ಪಂದ್ಯದಲ್ಲಿ ಎರಡು ಪೆನಾಲ್ಟಿ ಕೈಬಿಟ್ಟಿದ್ದೆವು. ಪೆನಾಲ್ಟಿಗೆ ಎಷ್ಟು ಓಡಬೇಕು, ನಾಲ್ಕು ಹೆಜ್ಜೆ!

ಆದರೆ 1952ರ ಹೆಲ್ಸಿಂಕಿ ಕಥೆ ಬೇರೆ. ಯುಗೊಸ್ಲಾವಿಯ 10-1ರಿಂದ ಬಡಿಯಿತು. ಆ ಒಂದು ಗೋಲು ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಅವರದು. ಚೆಂಡನ್ನು ಆಡಿಸುವ ಕಲೆಗೆ ಅವರನ್ನು ಹಾವಾಡಿಗ ಎಂದೇ ಕರೆಯುತ್ತಿದ್ದರು. ಅಲ್ಲಿ ಚಳಿಯಿತ್ತು, ಕಾಲಿಗೆ ಬೂಟಿರಲಿಲ್ಲ, ಎದುರಾಳಿಗಳ ದಮ್ಮೂ ದೊಡ್ಡದಿತ್ತು. ಕಲೆಯೊಂದೇ ಸಾಲಲಿಲ್ಲ ಎಂಬುದನ್ನು ನಾವೂ ಒಪ್ಪಲೇಬೇಕು.

ಓಟವನ್ನು ನಿಜವಾಗಿ ಅಳೆದದ್ದು ಆಮೇಲೆ. 1976ರಲ್ಲಿ ಟಾಮ್ ರೈಲಿ, ವಾನ್ ಥಾಮಸ್ ಎಂಬಿಬ್ಬರು ಇಂಗ್ಲೆಂಡಿನ ವೃತ್ತಿಪರ ಆಟಗಾರರ ಹೆಜ್ಜೆ ಹೆಜ್ಜೆಯನ್ನೂ ಲೆಕ್ಕ ಹಾಕಿ ಬರೆದರು. ಸರಾಸರಿ ಒಂದು ಪಂದ್ಯಕ್ಕೆ 8,680 ಮೀಟರ್. ಅದರಲ್ಲಿ ಚೆಂಡಿನ ಜೊತೆ ಹೋದದ್ದು ನೂರಕ್ಕೆ ಎರಡು ಮೀಟರಿಗಿಂತಲೂ ಕಡಿಮೆ. ಉಳಿದದ್ದೆಲ್ಲ ನಡಿಗೆ, ಜಾಗಿಂಗ್, ಜಾಗ ಹುಡುಕುವುದು. ಈಗಿನ ಮಿಡ್‌ಫೀಲ್ಡರ್‌ಗಳು ಹತ್ತು ಕಿಲೋಮೀಟರ್ ದಾಟುತ್ತಾರೆ.

ಹಾಗಾದರೆ ಗೋಲಿಗೆ ಬೇಕಾದ ಓಟ ಯಾವುದು? 2012ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು ಅಲ್ಲಿನ ಬುಂಡೆಸ್‌ಲಿಗಾದ 360 ಗೋಲುಗಳ ವಿಡಿಯೊ ನೋಡಿತು. ಶೇ. 83ರಷ್ಟು ಗೋಲುಗಳಿಗೆ ಮುಂಚೆ, ಗೋಲು ಹೊಡೆದವನೋ ಪಾಸ್ ಕೊಟ್ಟವನೋ ಜೋರಾಗಿ ಓಡಿದ್ದ, ಜಿಗಿದಿದ್ದ ಅಥವಾ ತಟ್ಟನೆ ತಿರುಗಿದ್ದ. ಹೊಡೆದವರಲ್ಲಿ ಶೇ. 45ರಷ್ಟು ಮಂದಿ ನೇರ ಸ್ಪ್ರಿಂಟ್ ಮಾಡಿದ್ದರು, ಅದೂ ಹೆಚ್ಚಾಗಿ ಕಾಲಲ್ಲಿ ಚೆಂಡಿಲ್ಲದೆ. ಕೋಳಿ ಮರಿಯ ಮೇಲೆ ಹದ್ದು ಎರಗುವುದನ್ನು ನೋಡಿದ್ದೀರಲ್ಲ? ಎಷ್ಟೋ ಹೊತ್ತು ಮೇಲೆ ಸುತ್ತು ಹಾಕುತ್ತದೆ, ಎರಗುವುದು ಒಂದೇ ಕ್ಷಣ.

ಬೆಂಗಳೂರು ಎಫ್‌ಸಿ ಆಟದಲ್ಲಿ ಎರಡನ್ನೂ ಕಂಡಿದ್ದೇವೆ. 2019ರ ಮಾರ್ಚ್ 17, ಐಎಸ್‌ಎಲ್ ಫೈನಲ್. ಗೋವಾ ವಿರುದ್ಧ 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಗೋವಾದ ಒಬ್ಬ ಆಟಗಾರ ಕೆಂಪು ಕಾರ್ಡ್ ಪಡೆದು ಹೊರಗೆ ಹೋದ. ಕೊನೆಯ ನಿಮಿಷಗಳಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್ ಕಳಿಸಿದರು, ರಾಹುಲ್ ಭೇಕೆ ಜಿಗಿದು ತಲೆ ಕೊಟ್ಟರು, ಕಪ್ ನಮ್ಮದಾಯಿತು. ಎರಡು ಗಂಟೆ ಓಡಿದ ಕಾಲಿಗೆ ಆ ಜಿಗಿತ ಉಳಿದಿತ್ತಲ್ಲ, ರೌಂಡ್ಸ್ ಹೊಡೆಸಿದ ಮೇಷ್ಟ್ರಿಗೆ ಅಷ್ಟು ಮಾರ್ಕ್ಸ್ ಕೊಡಲೇಬೇಕು.

ಇನ್ನೊಂದು 2023ರ ಮಾರ್ಚ್ 3ರದು, ಕಂಠೀರವದಲ್ಲಿ, ಕೇರಳ ಬ್ಲಾಸ್ಟರ್ಸ್ ವಿರುದ್ಧ. ಆವತ್ತೂ 90 ನಿಮಿಷ ಗೋಲಿಲ್ಲ. 96ನೇ ನಿಮಿಷದಲ್ಲಿ ಫ್ರೀ ಕಿಕ್. ಕೇರಳದವರು ಇನ್ನೂ ಗೋಡೆ ಕಟ್ಟುತ್ತಿದ್ದಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಬಲೆಯೊಳಗೆ ಹಾಕಿಬಿಟ್ಟರು. ಕೇರಳ ತಂಡ ಸಿಟ್ಟಿನಿಂದ ಮೈದಾನ ಬಿಟ್ಟು ಹೋಯಿತು. ಅದು ನ್ಯಾಯವೋ ಅಲ್ಲವೋ ಎಂದು ಜನ ಜಗಳವಾಡಿದರು. ನಾವು ನೋಡಿದ್ದು ಇಷ್ಟೇ: ಆ ಗೋಲಿಗೆ ಓಟ ಬೇಕಾಗಿರಲಿಲ್ಲ, ಕಣ್ಣು ಬೇಕಿತ್ತು.

ಏಳನೇ ಸುತ್ತಿಗೆ ಕೂತ ನಮ್ಮ ಗೆಳೆಯ ಈಗ ಯಶವಂತಪುರ ಮಾರ್ಕೆಟ್ಟಿನ ಈರುಳ್ಳಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಭಾನುವಾರ ಟರ್ಫ್‌ಗೆ ಬರುತ್ತಾನೆ. ಮೊನ್ನೆ ಮೂರು ಗೋಲು ಹೊಡೆದ. ಹೆಚ್ಚು ಹೊತ್ತು ನಿಂತೇ ಇದ್ದ.