ಹಲ್ಲಿಗೆ ಅಂಟಿದ ಪಿಂಗಾಣಿ

ಹುಳುಕು ಹಲ್ಲಿಗೆ ಪಿಂಗಾಣಿ ತುಂಬುವ ಯತ್ನ ಹತ್ತೊಂಬತ್ತನೇ ಶತಮಾನದ್ದು. ಚೆಂದವೇನೋ ಇತ್ತು, ಬಾಳಿಕೆ ಇರಲಿಲ್ಲ. ಸಿಮೆಂಟು ಸಂದು ತುಂಬುತ್ತಿತ್ತೇ ಹೊರತು ಅಂಟುತ್ತಿರಲಿಲ್ಲ. ಆಸರೆಯಿಲ್ಲದ ಪಿಂಗಾಣಿ ಅಗಿಯುವಾಗ ಬಿರಿಯುತ್ತಿತ್ತು.

ಗಂಟು ಬಿಡಿಸಿದ್ದು ಬಣ್ಣ ಬಳಿಯುವವರ ಉಪಾಯ. ಬಣ್ಣ ಹಿಡಿಯಲೆಂದು ಲೋಹಕ್ಕೆ ಫಾಸ್ಫಾರಿಕ್ ಆಮ್ಲ ಸವರುವುದನ್ನು ಗಮನಿಸಿದ ಅಮೆರಿಕದ ಮೈಕೆಲ್ ಬ್ಯುನೊಕೋರ್, 1955ರಲ್ಲಿ ಅದನ್ನೇ ಎನಾಮೆಲ್ ಮೇಲೆ ಪ್ರಯೋಗಿಸಿದ ವರದಿ ಪ್ರಕಟಿಸಿದರು. ಆಮ್ಲ ಕೊರೆದ ಸೂಕ್ಷ್ಮ ರಂಧ್ರಗಳಿಗೆ ರಾಳ ಇಳಿದು ಬಿಗಿಯಾಗಿ ಹಿಡಿಯಿತು. 1980ರ ದಶಕದಲ್ಲಿ ಪಿಂಗಾಣಿಯ ಒಳಮೈಯನ್ನೂ ಹೈಡ್ರೋಫ್ಲೋರಿಕ್ ಆಮ್ಲದಿಂದ ಹೀಗೆಯೇ ಒರಟಾಗಿಸಿದರು. 1985ರಲ್ಲಿ ಜ್ಯೂರಿಚ್‌ನ ವೆರ್ನರ್ ಮೋರ್ಮನ್, ಕಂಪ್ಯೂಟರ್ ಕೊರೆದ ತುಣುಕನ್ನು ಒಂದೇ ಭೇಟಿಯಲ್ಲಿ ಕೂರಿಸಿದರು. ಅಂಚು ಸರಿಯಾಗಿ ಕೂಡುವುದಿಲ್ಲವೆಂಬ ಅನುಮಾನ ಹಲವರಿಗಿತ್ತು (ಅದು ಸುಳ್ಳೂ ಅಲ್ಲ). ಆದರೂ ಸ್ವಿಸ್ ದಂತವೈದ್ಯರೊಬ್ಬರು 1989-91ರಲ್ಲಿ ಕೂರಿಸಿದ ಇಂಥ ತುಣುಕುಗಳ ಲೆಕ್ಕ 2017ರಲ್ಲಿ ಪ್ರಕಟವಾದಾಗ, 27 ವರ್ಷಗಳ ಬಾಳಿಕೆ ಶೇ. 87.5 ಎಂದು ಕಂಡಿತು. ಸೋತವುಗಳಲ್ಲಿ ಹೆಚ್ಚಿನವು ಅಂಟು ಬಿಟ್ಟು ಸೋತದ್ದಲ್ಲ, ಪಿಂಗಾಣಿಯೇ ಒಡೆದದ್ದು.